ಸೂಜಿ-ದಾರದ ವಯಸ್ಸು ಎಂಬತ್ತೆಂಟು

ಅಂಚೆ ಕಚೇರಿಯ ಮೂರನೇ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕೂತರೆ ಏನು ಬರುತ್ತದೆ? ಬೆನ್ನುನೋವು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಫಾರಮ್ಮನಿಗೆ ಅದರ ಜೊತೆಗೆ ಇನ್ನೊಂದು ಕಾಯಿಲೆಯೂ ಅಂಟಿಕೊಂಡಿತ್ತು. ಖಾಲಿ ಫಾರಂ ಕಂಡರೆ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಕೌಂಟರಿನಾಚೆ ಯಾರಾದರೂ ಪೆನ್ನಿನ ತುದಿ ಕಚ್ಚುತ್ತಾ ನಿಂತಿದ್ದರೆ ಸಾಕು, "ಕೊಡಿ ಇಲ್ಲಿ" ಎಂದು ಎಳೆದುಕೊಂಡು ತಾನೇ ತುಂಬಿಬಿಡುತ್ತಿದ್ದಳು. ತುಂಬುತ್ತಾ ಬೈಯುತ್ತಿದ್ದಳು, ಬೈಯುತ್ತಾ ತುಂಬುತ್ತಿದ್ದಳು. "ತಪ್ಪಾದ್ರೆ ಅದರ ಮೇಲೇ ತಿದ್ದಬೇಡ್ರೀ! ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಸಹಿ ಹಾಕಿ. ತಪ್ಪು ಮಾಡಿದೀನಿ ಅಂತ ಒಪ್ಪಿಕೊಳ್ಳೋಕೆ ಏನು ನಾಚಿಕೆ?" ಈ ಮಾತನ್ನು ಆ ಕ್ಯೂನಲ್ಲಿ ನಿಂತ ಮೂರು ತಲೆಮಾರು ಕೇಳಿದೆ. ಫಾರಮ್ಮ ಅನ್ನುವುದೂ ಆ ಕ್ಯೂ ಕೊಟ್ಟ ಬಿರುದೇ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ತುಂಬುವುದಕ್ಕೆ ಫಾರಂ ಎಲ್ಲಿಂದ ಬರಬೇಕು? ಆರು ತಿಂಗಳು ಮಗನ ವಿಮೆಯ ಕಾಗದ, ಗ್ಯಾಸಿನ ಪುಸ್ತಕ, ಮೊಮ್ಮಗಳ ಶಾಲೆಯ ಡೈರಿ ಎಲ್ಲವನ್ನೂ ಮುಗಿಸಿದಳು. ಆಮೇಲೆ ಫ್ರಿಜ್ಜಿನ ಗ್ಯಾರಂಟಿ ಕಾರ್ಡು ಹುಡುಕಿ ತೆಗೆದಳು. ಫ್ರಿಜ್ಜು ಬಂದು ಒಂಬತ್ತು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೊಸೆ ಡ್ಯೂಟಿ ಮುಗಿಸಿ ಬಂದವಳು ಅತ್ತೆಯ ಕೈಯಿಂದ ಪೆನ್ನು ಕಿತ್ತುಕೊಂಡು, "ಅತ್ತೆ, ನಿಮಗೆ ಒಂದು ಕೆಲಸ ಹುಡುಕದಿದ್ರೆ ನಾಳೆ ನಮ್ಮ ಮನೆ ಗೋಡೇಲೂ ಕಾಲಂ ಹಾಕಿಬಿಡ್ತೀರ" ಅಂದಳು.

ಕೆಲಸವನ್ನು ಹುಡುಕಿದ್ದು ಮಾತ್ರ ಸೊಸೆಯಲ್ಲ, ಮೊಮ್ಮಗಳು ಚೂಟಿ. ಆಗ ಅವಳಿಗೆ ಒಂಬತ್ತು. ಶಾಲೆಯ ಬ್ಯಾಗಿನ ಪಟ್ಟಿ ಹರಿದುಹೋಗಿ, ಅಜ್ಜಿಯನ್ನು ಎಳೆದುಕೊಂಡು ಹಿಂದಿನ ಬೀದಿಯ ದರ್ಜಿ ತಾತನ ಮನೆಗೆ ಹೋದಳು. ತಾತ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಐವತ್ತು ವರ್ಷ ತುಳಿದ ಹೊಲಿಗೆ ಮಿಶಿನ್ನಿನ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ಟೀವಿ ಇಟ್ಟಿದ್ದರು. ಕಣ್ಣು ಮಂಜಾದ ಮೇಲೆ ಮಕ್ಕಳು ಅವನನ್ನು ಮಿಶಿನ್ ಮುಟ್ಟಲು ಬಿಡುತ್ತಿರಲಿಲ್ಲ. ಬೆರಳು ಹೊಲಿದುಕೊಂಡರೆ ಅಂತ ಭಯ. ಒಳ್ಳೆಯ ಮಕ್ಕಳೇ, ಆದರೆ ಆ ಕುರ್ಚಿಯಲ್ಲಿ ಅವನು ಬೆಳಗಿನಿಂದ ಸಂಜೆವರೆಗೆ ಕೂತೇ ಇರುತ್ತಿದ್ದ. ಮಾತೂ ಕಡಿಮೆಯಾಗಿತ್ತು.

"ಸೂಜಿಗೆ ದಾರ ಹಾಕೋಕೇ ಕಾಣಲ್ಲ ಮಗು, ಬ್ಯಾಗ್ ಎಲ್ಲಿ ಹೊಲೀಲಿ?" ಅಂದ.

"ದಾರ ನಾನು ಹಾಕ್ತೀನಿ ತಾತ. ಹೊಲಿಯೋಕೆ ನಂಗೆ ಬರಲ್ಲ. ಮಿಶಿನ್ ಮುಟ್ಟಿದ್ರೆ ಅಮ್ಮ ಬೈತಾಳೆ. ನಿಂಗಿನ್ನೂ ಒಂಬತ್ತು ಅಂತಾಳೆ."

"ನಂಗೆ ಎಪ್ಪತ್ತೇಳು. ನಂಗೂ ಮುಟ್ಟಬೇಡ ಅಂತಾರೆ."

ಚೂಟಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಇಬ್ಬರದ್ದೂ ಸೇರಿಸಿದ್ರೆ ಎಂಬತ್ತಾರು. ಎಂಬತ್ತಾರು ವರ್ಷದೋರಿಗೆ ಬೇಡ ಅನ್ನೋಕೆ ಯಾರಿಗೆ ಧೈರ್ಯ ಇದೆ ತಾತ?"

ದರ್ಜಿ ತಾತ ನಕ್ಕ ನಗೆಗೆ ಅಡುಗೆಮನೆಯಿಂದ ಅವನ ಸೊಸೆ ಓಡಿಬಂದಳು. ಮಾವ ನಕ್ಕು ಎಷ್ಟು ದಿನವಾಗಿತ್ತೋ! ಟೀವಿ ಕೆಳಗಿಳಿಯಿತು. ಮಿಶಿನ್ನಿನ ಮುಂದೆ ತಾತ ಕೂತ, ತಾತನ ಪಕ್ಕ ಚೂಟಿ ಕೂತಳು. ಅವಳು ಕಣ್ಣು, ಅವನು ಕೈ. ಬ್ಯಾಗಿನ ಪಟ್ಟಿ ಆನೆ ಎಳೆದರೂ ಕಿತ್ತುಬರದ ಹಾಗೆ ಕೂತುಕೊಂಡಿತು.

ಫಾರಮ್ಮ ಇದನ್ನು ನೋಡಿ ಸುಮ್ಮನೆ ಮನೆಗೆ ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರುವ ಜಾಯಮಾನವೇ ಅದಲ್ಲ. ವಾರದೊಳಗೆ ಇಂಥ ಜೋಡಿಗಳನ್ನು ಹುಡುಕಿ ತೆಗೆದಳು. ಕೆಲಸ ಗೊತ್ತಿದ್ದೂ ಕೈಲಾಗದ ಮುದುಕರು, ಕೈ ಚುರುಕಿದ್ದೂ ಕೆಲಸ ಗೊತ್ತಿಲ್ಲದ ಮಕ್ಕಳು. ಹಳೇ ಮುದ್ರಣಾಲಯದ ಯಜಮಾನರ ಹತ್ತಿರ ಹೋಗಿ, ಕಾಗದದ ರೀಮುಗಳನ್ನು ಇಡುತ್ತಿದ್ದ ಮುಂದಿನ ಕೋಣೆ ಖಾಲಿ ಬಿದ್ದಿದೆಯಲ್ಲ, ಕೊಡಿ ಅಂತ ಕೇಳಿದಳು. ಯಜಮಾನರ ಪಿಂಚಣಿ ಫಾರಂ ಒಂದು ಕಾಲದಲ್ಲಿ ಆಕೆಯೇ ತುಂಬಿದ್ದಳು. ಹಾಗಾಗಿ ಇಲ್ಲ ಅನ್ನಲು ಅವರಿಗೆ ಬಾಯಿ ಬರಲಿಲ್ಲ. "ಒಂದು ವರ್ಷ ಇಟ್ಕೊಳ್ಳಿ ತಾಯಿ, ಬಾಡಿಗೆ ಬೇಡ" ಅಂದರು.

ಹೀಗೆ ಶುರುವಾಯಿತು ಜೋಡಿ ಕೋಣೆ. ಸಂಜೆ ನಾಲ್ಕರಿಂದ ಆರರವರೆಗೆ. ದರ್ಜಿ ತಾತನ ಮಿಶಿನ್ನೂ ಮನೆಯಿಂದ ಅಲ್ಲಿಗೇ ಬಂತು. ಬೀದಿಯವರು ಮುರಿದ ಕೊಡೆ, ತಿರುಗದ ಫ್ಯಾನು, ಕಿತ್ತುಹೋದ ಪುಸ್ತಕ ತಂದಿಡುತ್ತಿದ್ದರು. ಆಸ್ಪತ್ರೆಯಿಂದ ಸೊಸೆ ಹರಿದ ಹಾಸಿಗೆ ಬಟ್ಟೆಗಳ ಮೂಟೆ ಕಳಿಸುತ್ತಿದ್ದಳು. ಬಂದ ಪ್ರತಿ ಸಾಮಾನಿಗೂ ಒಂದು ರಟ್ಟಿನ ಚೀಟಿ ಕಟ್ಟಿ, ಏನಾಗಿದೆ, ಯಾವ ಜೋಡಿ ಸರಿ ಮಾಡುತ್ತದೆ ಎಂದು ಬರೆಯಬೇಕು. ಚೀಟಿ ಕಟ್ಟಿದ ಮೇಲೆ ಸರಿಮಾಡದೆ ವಾಪಸ್ ಕೊಡುವ ಹಾಗಿಲ್ಲ. ಒಬ್ಬೊಬ್ಬರೇ ಸ್ಕ್ರೂಡ್ರೈವರ್ ಮುಟ್ಟುವ ಹಾಗೂ ಇಲ್ಲ, ಜೋಡಿಯಾಗಿಯೇ ಮುಟ್ಟಬೇಕು. ಇವು ಕೋಣೆಯ ಕಾನೂನು.

ಹಾಜರಿ ಪುಸ್ತಕವನ್ನೂ ಫಾರಮ್ಮ ಜೋಡಿ ಲೆಕ್ಕದಲ್ಲೇ ಇಟ್ಟಳು. ಜೋಡಿಗೊಂದು ಹೆಸರು, ಜೋಡಿಗೊಂದು ವಯಸ್ಸು, ಜೋಡಿಗೊಂದು ಸಹಿ. ದರ್ಜಿ ತಾತ ಮತ್ತು ಚೂಟಿ ಸೂಜಿ-ದಾರ, ವಯಸ್ಸು ಎಂಬತ್ತಾರು. ಫ್ಯಾನ್ ತಾತ ಎಂದೇ ಹೆಸರಾದ ಹಳೇ ಎಲೆಕ್ಟ್ರಿಷಿಯನ್ನು ಮತ್ತು ಅವನ ಪಕ್ಕದ ಮನೆಯ ಹುಡುಗಿ ಸೇರಿ ಗಿರಗಿಟ್ಲೆ, ವಯಸ್ಸು ಎಂಬತ್ತೊಂದು. ಪುಸ್ತಕ ಅಂಟಿಸುತ್ತಿದ್ದ ಟೀಚರಮ್ಮ ಮತ್ತು ಅವಳ ಜೊತೆಯ ಹುಡುಗ ಸೇರಿ ಗೋಂದು, ವಯಸ್ಸು ತೊಂಬತ್ತು. ಹೀಗೆ ಹದಿನಾಲ್ಕು ಜೋಡಿ. ಜೋಡಿಗೆ ವರ್ಷಕ್ಕೆ ಎರಡೆರಡು ವರ್ಷ ವಯಸ್ಸಾಗುತ್ತದೆ ಅನ್ನುವುದು ಅಲ್ಲಿಯ ದೊಡ್ಡ ತಮಾಷೆ. ಕೋಣೆಯೊಳಗೆ ಯಾರನ್ನು ಕೇಳಿದರೂ ಜೋಡಿಯ ವಯಸ್ಸನ್ನೇ ಹೇಳುತ್ತಿದ್ದರು, ತಮ್ಮದು ಎಷ್ಟು ಎನ್ನುವುದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ವರ್ಷ ಮುಗಿಯಿತು. ಸೂಜಿ-ದಾರಕ್ಕೆ ಎಂಬತ್ತೆಂಟು ತುಂಬಿತು. ಒಂದು ಸಂಜೆ ಯಜಮಾನರು ಬಾಗಿಲಲ್ಲಿ ಬಂದು ನಿಂತು, ಚಪ್ಪಲಿ ಕಡೆ ನೋಡುತ್ತಾ ಹೇಳಿದರು. "ತಾಯಿ, ನನ್ನ ಅಳಿಯ ಈ ಕೋಣೇಲಿ ಮೊಬೈಲ್ ಅಂಗಡಿ ಇಡ್ತೀನಿ ಅಂತ ಕೂತಿದ್ದಾನೆ. ಬಾಡಿಗೆ ಕೊಡೋರಿಗೆ ಕೊಡ್ತೀನಿ ಅಂತ ಅವನ ಬಾಯಿ ಮುಚ್ಚಿಸಿದೀನಿ. ಬರೋ ತಿಂಗಳ ಕೊನೇವರೆಗೆ ಟೈಮ್ ಇದೆ, ಅಷ್ಟರಲ್ಲಿ ನೀವು ಬಾಡಿಗೆ ಹೊಂದಿಸಿದ್ರೆ ಕೋಣೆ ನಿಮಗೇ. ಆಮೇಲೆ ನನ್ನ ಕೈಲಿ ಇಲ್ಲ."

ಬಾಡಿಗೆ! ಅಲ್ಲಿ ಕೆಲಸಕ್ಕೆ ಕಾಸು ತೆಗೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಫಾರಮ್ಮ ತಿರುಗಿ ನೋಡಿದಳು. ದರ್ಜಿ ತಾತ ಕತ್ತರಿ ಕೆಳಗಿಟ್ಟು ಎರಡು ಕೈಯನ್ನೂ ಬಟ್ಟೆಯ ಮೇಲೆ ಊರಿ ಕೂತಿದ್ದ. ಅವನಿಗೆ ಕಣ್ಣು ಮಂಜೇ ಹೊರತು ಕಿವಿ ಅಲ್ಲ. ಈ ಕೋಣೆ ಹೋದರೆ ಅವನು ಎಲ್ಲಿಗೆ ಹೋಗುತ್ತಾನೆ ಅಂತ ಫಾರಮ್ಮನಿಗೆ ಗೊತ್ತಿತ್ತು. ಆ ಕಿಟಕಿ, ಆ ಕುರ್ಚಿ, ಆ ಮಿಶಿನ್ನಿನ ಮೇಲೆ ಮತ್ತೆ ಆ ಟೀವಿ. ಆದರೂ ಗಟ್ಟಿ ದನಿಯಲ್ಲಿ, "ಇಷ್ಟೇನಾ? ಇಂಥ ಕೆಲಸಕ್ಕೆ ಅಂತಲೇ ದುಡ್ಡು ಕೊಡೋ ನಿಧಿಗಳು ಬೇಕಾದಷ್ಟಿವೆ. ಒಂದು ಅರ್ಜಿ ಫಾರಂ ತಾನೇ? ನಾನು ತುಂಬದೇ ಇರೋ ಫಾರಂ ಇನ್ನೂ ಅಚ್ಚಾಗಿಲ್ಲ" ಅಂದಳು.

ಅಚ್ಚಾಗಿತ್ತು ಅನ್ನುವುದು ಮುಂದಿನ ಮೂರು ವಾರದಲ್ಲಿ ಗೊತ್ತಾಯಿತು.

ಹಿರಿಯರಿಗೆ ನೆರವು ಕೊಡುವ ನಿಧಿಗೆ ಬರೆದಳು. ನಿಮ್ಮಲ್ಲಿ ಅರ್ಧದಷ್ಟು ಮಕ್ಕಳಿದ್ದಾರೆ, ಆದ್ದರಿಂದ ವಿಷಾದಿಸುತ್ತೇವೆ ಎಂದು ಉತ್ತರ ಬಂತು. ಮಕ್ಕಳಿಗೆ ನೆರವು ಕೊಡುವ ನಿಧಿಗೆ ಬರೆದಳು. ನಿಮ್ಮಲ್ಲಿ ಅರ್ಧದಷ್ಟು ಹಿರಿಯರಿದ್ದಾರೆ, ವಿಷಾದಿಸುತ್ತೇವೆ. ಎರಡು ಕಾಗದವನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, "ಇವರಿಬ್ಬರೂ ಒಂದ್ಸಲ ಮುಖಾಮುಖಿ ಕೂತು ಟೀ ಕುಡಿದಿದ್ರೆ ನನ್ನ ಸ್ಟಾಂಪಿನ ಕಾಸಾದ್ರೂ ಉಳೀತಿತ್ತು" ಅಂತ ಗೊಣಗಿದಳು. ಒಂದು ಕಂಪನಿಯವರು ಕೊಡಲು ಒಪ್ಪಿದರು, ಆದರೆ ಬಾಗಿಲ ಮೇಲೆ ತಮ್ಮ ಬೋರ್ಡು ಹಾಕಬೇಕು ಅಂದರು. ಬೋರ್ಡಿನ ಅಳತೆ ಕಳಿಸಿದರು. ಫ್ಯಾನ್ ತಾತ ಟೇಪು ಹಿಡಿದು ನೋಡಿ, "ಬೋರ್ಡ್ ಹಾಕಬಹುದು ಫಾರಮ್ಮ, ಆದ್ರೆ ಕೋಣೇನ ಆಚೆ ತೆಗೀಬೇಕಾಗತ್ತೆ" ಅಂದ.

ನಾಲ್ಕನೆಯವರ ಫಾರಂ ಇನ್ನೂ ವಿಚಿತ್ರ. ಪ್ರತಿಯೊಬ್ಬರ ಹೆಸರಿನ ಮುಂದೆ ಎರಡು ಚೌಕ. ಸೇವೆ ಮಾಡುವವರು, ಸೇವೆ ಪಡೆಯುವವರು. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ತಾತನಿಗೆ ಚೂಟಿ ದಾರ ಹಾಕಿಕೊಡುತ್ತಾಳೆ, ಚೂಟಿಗೆ ತಾತ ಕತ್ತರಿ ಹಿಡಿಯಲು ಕಲಿಸುತ್ತಾನೆ, ಇಬ್ಬರೂ ಸೇರಿ ಆಸ್ಪತ್ರೆಯ ಬಟ್ಟೆ ಹೊಲಿಯುತ್ತಾರೆ. ಇದರಲ್ಲಿ ಯಾರು ಯಾರಿಗೆ ಸೇವೆ ಮಾಡಿದ ಹಾಗಾಯಿತು? ಫಾರಮ್ಮ ಒಂದಿಡೀ ಮಧ್ಯಾಹ್ನ ಯೋಚಿಸಿ, ಇಪ್ಪತ್ತೆಂಟು ಜನಕ್ಕೂ ಎರಡೂ ಚೌಕಕ್ಕೆ ಗುರುತು ಹಾಕಿ ಕಳಿಸಿದಳು. ಫಾರಂ ವಾಪಸ್ ಬಂತು. ಮೇಲುಗಡೆ ಯಾರೋ ನೀಲಿ ಪೆನ್ನಿನಲ್ಲಿ ಬರೆದಿದ್ದರು, "ದಯವಿಟ್ಟು ಸೂಚನೆಗಳನ್ನು ಓದಿಕೊಂಡು ಸರಿಯಾಗಿ ತುಂಬಿ."

ಸರಿಯಾಗಿ ತುಂಬಿ ಅಂತೆ! ಯಾರಿಗೆ ಹೇಳಿದ್ದು? ಮೂರನೇ ಕೌಂಟರಿನವಳಿಗೆ! ಆ ದಿನ ಫಾರಮ್ಮ ಆ ಕಾಗದ ಹಿಡಿದುಕೊಂಡೇ ಮನೆಯೆಲ್ಲ ಓಡಾಡಿದಳು. ಮಗ ಬಂದು, "ಅಮ್ಮಾ, ಹೋಗ್ಲಿ ಬಿಡು" ಅಂದಿದ್ದಕ್ಕೆ, "ಏನು ಹೋಗ್ಲಿ? ನಿನ್ನನ್ನ ಹೆತ್ತಾಗ ಆಸ್ಪತ್ರೆ ಫಾರಂನ ನೋವು ತಿಂತಾ ತಿಂತಾ ನಾನೇ ತುಂಬಿದ್ದು ಗೊತ್ತಾ?" ಎಂದು ಸಿಡುಕಿದಳು. ಮಗ ತೆಪ್ಪಗೆ ಹೋಗಿ ಟೀ ಮಾಡಿಕೊಂಡು ಬಂದ.

ಐದನೆಯದನ್ನು ತಂದವಳು ಸೊಸೆ. ಆಸ್ಪತ್ರೆಯ ಗೋಡೆಯ ಮೇಲೆ ಅಂಟಿಸಿದ್ದರಂತೆ. ನೆರೆಹೊರೆಯವರಿಗಾಗಿ ಕೆಲಸ ಮಾಡುವ ಗುಂಪುಗಳಿಗೆ ಒಂದು ಹಳೇ ಟ್ರಸ್ಟು ನೆರವು ಕೊಡುತ್ತದೆ, ಮುದುಕರು ಮಕ್ಕಳು ಅಂತ ಭೇದವಿಲ್ಲ. ಆದರೆ ಅಂದೇ ಕೊನೇ ದಿನ, ಸಂಜೆ ಐದರೊಳಗೆ ಅರ್ಜಿಗೆ ಅಂಚೆ ಮುದ್ರೆ ಬಿದ್ದಿರಬೇಕು. ಫಾರಮ್ಮ ಕನ್ನಡಕ ಏರಿಸಿದಳು. ಕೆಲಸ ಮಾಡುವವರ ಪಟ್ಟಿಯನ್ನು ಹಾಜರಿ ಪುಸ್ತಕದಲ್ಲಿ ಇರುವಂತೆಯೇ ಬರೆಯಿರಿ, ಎಂದಿತ್ತು ಸೂಚನೆ. ನೀಲಿ ಪೆನ್ನಿನ ಅವಮಾನ ಇನ್ನೂ ಹಸಿಯಾಗಿತ್ತು. ಈ ಸಲ ಸೂಚನೆಯಿಂದ ಎಳ್ಳಷ್ಟೂ ಆಚೀಚೆ ಹೋಗಬಾರದು ಅಂತ ಹಠ ಹಿಡಿದು, ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಸಾಲಿಗೆ ಸಾಲು ನಕಲು ಮಾಡಿದಳು. ಸೂಜಿ-ದಾರ, 88. ಗಿರಗಿಟ್ಲೆ, 83. ಗೋಂದು, 92. ಹದಿನಾಲ್ಕು ಸಾಲು, ಮುತ್ತಿನಂಥ ಅಕ್ಷರ. ವಯಸ್ಸಿನ ಚೌಕದಲ್ಲಿ ಎರಡು ಅಂಕಿಗೆ ಜಾಗ, ಎಲ್ಲ ಸರಿಯಾಗಿ ಕೂತವು. ಒಂದೇ ಒಂದು ಸಲ ಕೈ ತಡವರಿಸಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ತನ್ನದೇ ಹಳೇ ಮೂರನೇ ಕೌಂಟರಿನಲ್ಲಿ ಕೊಟ್ಟು, ಮುದ್ರೆ ಬೀಳುವುದನ್ನು ಕಣ್ಣಾರೆ ನೋಡಿಯೇ ಮನೆಗೆ ಬಂದಳು.

ಹನ್ನೆರಡನೇ ದಿನ ದಪ್ಪ ಲಕೋಟೆ ಬಂತು. ತೆಳು ಲಕೋಟೆಯಲ್ಲಿ ವಿಷಾದ ಬರುತ್ತದೆ, ದಪ್ಪ ಲಕೋಟೆಯಲ್ಲಿ ದುಡ್ಡಿನ ಸುದ್ದಿ ಬರುತ್ತದೆ ಅನ್ನುವುದು ಅಂಚೆಯವರಿಗೆ ಗೊತ್ತಿರುವ ಗುಟ್ಟು. ಫಾರಮ್ಮ ಅದನ್ನು ಒಡೆಯದೆ ಸೆರಗಿನಡಿ ಹಿಡಿದುಕೊಂಡು ಜೋಡಿ ಕೋಣೆಗೆ ಓಡಿದಳು. ಎಲ್ಲರ ಎದುರು ಚೂಟಿ ಗಟ್ಟಿಯಾಗಿ ಓದಿದಳು. ಒಂದು ವರ್ಷದ ಬಾಡಿಗೆ, ಮೇಲೆ ಸಾಮಾನಿಗೆ ಇಷ್ಟು! ಫ್ಯಾನ್ ತಾತ ಎದ್ದು ಕುಣಿದೇಬಿಟ್ಟ. ಟೀಚರಮ್ಮ ಕಣ್ಣೊರೆಸಿಕೊಂಡಳು. ದರ್ಜಿ ತಾತ ಮಿಶಿನ್ನಿನ ಚಕ್ರವನ್ನು ಅಂಗೈಯಿಂದ ಒಂದು ಸುತ್ತು ಸುಮ್ಮನೆ ತಿರುಗಿಸಿದ.

"ತಡೀರಿ, ಇನ್ನೂ ಇದೆ" ಅಂದಳು ಚೂಟಿ. "ಎಂಬತ್ತು ವರ್ಷ ದಾಟಿದ ಹದಿನಾಲ್ಕು ಮಂದಿ ದಿನವೂ ಕೂಡಿ ನೆರೆಹೊರೆಗಾಗಿ ದುಡಿಯುತ್ತಿರುವುದನ್ನು ತಿಳಿದು ನಮ್ಮ ಸಮಿತಿ ಬೆರಗಾಗಿದೆ. ಆದ್ದರಿಂದ ನಿಮ್ಮ ಅರ್ಜಿಯನ್ನು ಎಂಬತ್ತು ದಾಟಿದವರ ವಿಶೇಷ ವಿಭಾಗಕ್ಕೆ ಸೇರಿಸಲಾಗಿದೆ. ಬರುವ ಗುರುವಾರ ನಮ್ಮ ಅಧಿಕಾರಿಗಳು ಬಂದು ಈ ಹದಿನಾಲ್ಕೂ ಹಿರಿಯರಿಗೆ ಊರುಗೋಲು ಕೊಟ್ಟು ಗೌರವಿಸುತ್ತಾರೆ." ಓದಿ ಮುಗಿಸಿ ಅಜ್ಜಿಯ ಮುಖ ನೋಡಿದಳು. "ಅಜ್ಜೀ, ನಮ್ಮಲ್ಲಿ ಎಂಬತ್ತು ದಾಟಿದೋರು ಯಾರಿದ್ದಾರೆ?"

ಯಾರೂ ಇರಲಿಲ್ಲ. ಎಲ್ಲರಿಗಿಂತ ದೊಡ್ಡವನು ದರ್ಜಿ ತಾತ, ಅವನಿಗೇ ಎಪ್ಪತ್ತೆಂಟು. ಫಾರಮ್ಮ ಅರ್ಜಿಯ ನಕಲು ತೆಗೆದು ನೋಡಿದಳು. ತನ್ನದೇ ಕೈ, ತನ್ನದೇ ಮುತ್ತಿನಂಥ ಅಕ್ಷರ. ಮೂವತ್ತನಾಲ್ಕು ವರ್ಷದಲ್ಲಿ ಮಾಡದ ತಪ್ಪನ್ನು ಮಾಡಿ, ಕೆಳಗೆ ಮೇಲಿನ ವಿವರಗಳೆಲ್ಲ ಸತ್ಯ ಅಂತ ಸಹಿ ಬೇರೆ ಹಾಕಿದ್ದಳು!

ಆಮೇಲೆ ಅಲ್ಲಿ ನಡೆದ ಚರ್ಚೆಯನ್ನು ಏನೆಂದು ಹೇಳುವುದು? "ನಾವೇನು ಸುಳ್ಳು ಬರೆದ್ವಾ? ಪುಸ್ತಕದಲ್ಲಿ ಇದ್ದದ್ದು ಬರೆದ್ವಿ" ಅಂದ ಫ್ಯಾನ್ ತಾತ. "ಗುರುವಾರ ಒಂದು ಗಂಟೆ ಹೊತ್ತು ತಾನೇ? ನಾವೆಲ್ಲ ಸ್ವಲ್ಪ ಬಗ್ಗಿ ನಡೆದ್ರೆ ಆಯ್ತು. ಟೀಚರಮ್ಮನ್ನ ನೋಡಿ, ಈಗ್ಲೇ ಎಂಬತ್ತೈದರ ಹಾಗೆ ಕಾಣ್ತಾರೆ." ಟೀಚರಮ್ಮ ಗೋಂದಿನ ಬ್ರಷ್ಷು ಎತ್ತಿದಳು. ಫ್ಯಾನ್ ತಾತ ಬೆಂಚಿನ ಆ ತುದಿಗೆ ಸರಿದು ಮುಂದುವರಿಸಿದ. "ಸರಿ, ನಿಜವಾದೋರನ್ನೇ ತರೋಣ. ನನ್ನ ಭಾವನ ಅಪ್ಪ ಇದ್ದಾರೆ, ತೊಂಬತ್ತೊಂದು. ಒಂದ್ಸಲ ಕೂರಿಸಿಬಿಟ್ರೆ ಎಲ್ಲಿಗೂ ಎದ್ದು ಹೋಗಲ್ಲ."

ಮನೆಯಲ್ಲಿ ಈ ಉಪಾಯ ಕೇಳಿ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತೆ, ಎಂಬತ್ತು ದಾಟಿದೋರನ್ನ ನಾನು ದಿನಾ ನೋಡ್ತೀನಿ. ಹದಿನಾಲ್ಕು ಜನರನ್ನ ಒಂದೇ ಕೋಣೇಲಿ ಕೂರಿಸಿದ್ರೆ ನೀವು ಗ್ರಾಂಟ್ ಕೇಳೋದಲ್ಲ, ಆಂಬುಲೆನ್ಸ್ ಕೇಳಬೇಕು." ಆಮೇಲೆ ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದಳು. ಫಾರಮ್ಮ ನಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆಕೆಗೆ ಆಸೆಯಾಗಿತ್ತು. ಒಂದೇ ಒಂದು ಗಂಟೆಯ ನಾಟಕ, ಒಂದಿಡೀ ವರ್ಷದ ಕೋಣೆ.

ಬುಧವಾರ ಸಂಜೆ ಎಲ್ಲರೂ ಹೋದ ಮೇಲೆ ದರ್ಜಿ ತಾತನನ್ನು ಕೈಹಿಡಿದು ಮೆಟ್ಟಿಲಿಳಿಸುತ್ತಾ ಕೇಳಿಯೇಬಿಟ್ಟಳು. "ಅಣ್ಣಾ, ಏನು ಮಾಡ್ಲಿ?"

ತಾತ ಐದನೇ ಮೆಟ್ಟಿಲಲ್ಲಿ ನಿಂತ. ಅವನಿಗೆ ಮೆಟ್ಟಿಲುಗಳ ಲೆಕ್ಕ ಬಾಯಿಪಾಠ. "ನಂಗೋಸ್ಕರ ಸುಳ್ಳು ಹೇಳಬೇಡ ಅಂತ ಹೇಳಿದ್ರೆ ನಾನು ದೊಡ್ಡ ಮನುಷ್ಯ ಆಗ್ತೀನಿ. ಆದ್ರೆ ನಾನು ಹಾಗೆ ಹೇಳಲ್ಲ ಫಾರಮ್ಮ. ನಂಗೆ ಈ ಕೋಣೆ ಬೇಕು. ಆ ಕುರ್ಚೀಲಿ ಕೂತ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ." ಇನ್ನೊಂದು ಮೆಟ್ಟಿಲಿಳಿದು, "ಆದ್ರೆ ಆ ಊರುಗೋಲು ತಗೊಳ್ಳೋವಾಗ ಚೂಟಿ ಎಲ್ಲಿ ಕೂತಿರ್ತಾಳೆ?" ಅಂದ.

ಎಂಬತ್ತು ದಾಟಿದವರ ಕೋಣೆಯಲ್ಲಿ ಹತ್ತು ವರ್ಷದವಳು ಇರುವ ಹಾಗಿಲ್ಲ. ನಾಟಕ ಆಡಿದರೆ ಹದಿನಾಲ್ಕೂ ಮಕ್ಕಳನ್ನು ಬಾಗಿಲಾಚೆ ಬಚ್ಚಿಡಬೇಕು. ಇದು ಫಾರಮ್ಮನಿಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ. ಆಕೆಯ ಮೇಲೆ ಆಕೆಗೇ ಸಿಟ್ಟು ಬಂತು.

ಗುರುವಾರ ನಾಲ್ಕು ಗಂಟೆಗೆ ಒಂದು ಆಟೋದಲ್ಲಿ ಅಧಿಕಾರಿಗಳು ಒಬ್ಬರೇ ಬಂದಿಳಿದರು. ಐವತ್ತರ ಆಸುಪಾಸು, ಬೆವರಿದ ಮುಖ, ಕಂಕುಳಲ್ಲಿ ಹದಿನಾಲ್ಕು ಊರುಗೋಲಿನ ಕಟ್ಟು, ಭುಜದಲ್ಲಿ ಬಾಯಿ ಬಿಟ್ಟುಕೊಂಡ ಹಳೇ ಚೀಲ. ಯಜಮಾನರೂ ಬಾಡಿಗೆಯ ಶುಭಸಮಾಚಾರ ಕೇಳಲು ಬಾಗಿಲಲ್ಲಿ ಬಂದು ನಿಂತಿದ್ದರು. ಅಧಿಕಾರಿಗಳು ಒಳಗೆ ಕಾಲಿಟ್ಟು, ಬೆಂಚುಗಳ ಮೇಲೆ ಬೆಳ್ಳಿಕೂದಲಿನ ಪಕ್ಕ ಎರಡು ಜಡೆ, ಬೋಳುತಲೆಯ ಪಕ್ಕ ಬಾಚದ ತಲೆ ಕೂತಿದ್ದನ್ನು ನೋಡಿ, "ಓಹೋ, ಮೊಮ್ಮಕ್ಕಳನ್ನೂ ಕರೆಸಿದೀರ! ಸಂತೋಷ. ಎಂಬತ್ತು ದಾಟಿದೋರು ಒಳಗಿದಾರಾ?" ಎಂದು ಕೇಳಿದರು.

"ಇಲ್ಲ ಸಾರ್" ಅಂದಳು ಫಾರಮ್ಮ. ಮೇಜಿನ ಮೇಲಿದ್ದ ಅರ್ಜಿಯ ನಕಲು ತೆಗೆದಳು. ಅವರ ಕಣ್ಣೆದುರೇ ವಯಸ್ಸಿನ ಕಾಲಮ್ಮಿಗೆ ಮೇಲಿಂದ ಕೆಳಗಿನವರೆಗೆ ಅಡ್ಡಗೆರೆ ಹೊಡೆಯುತ್ತಾ ಬಂದು, ಪಕ್ಕದಲ್ಲಿ ಹದಿನಾಲ್ಕು ಸಲ ಸಹಿ ಹಾಕಿದಳು. "ತಪ್ಪು ನನ್ನದು. ಇವೆಲ್ಲ ಇಬ್ಬಿಬ್ಬರನ್ನ ಕೂಡಿಸಿದ ವಯಸ್ಸು. ಇವರು ಎಪ್ಪತ್ತೆಂಟು, ಇವಳು ಹತ್ತು. ನಿಮಗೆ ಮೋಸ ಮಾಡೋಕೆ ಬರೆದಿದ್ದಲ್ಲ. ಆದ್ರೆ ನಿನ್ನೆ ಸಂಜೇವರೆಗೆ ಮೋಸ ಮಾಡೋಣ ಅಂತ ಆಸೆ ಆಗಿದ್ದು ಮಾತ್ರ ನಿಜ."

ಅಧಿಕಾರಿಗಳು ಪೆಚ್ಚಾದರು. ಊರುಗೋಲಿನ ಕಟ್ಟು ಕಂಕುಳಿಂದ ಜಾರಿ ದಡಬಡ ಅಂತ ನೆಲಕ್ಕುರುಳಿತು. "ಅಮ್ಮಾ, ಸಭೇಲಿ ನಿಂತು ನಾನೇ ಶಿಫಾರಸು ಮಾಡಿದ್ದು. ಇಂಥೋರಿಗೆ ಕೊಡದೆ ಇನ್ಯಾರಿಗೆ ಕೊಡ್ತೀರಿ ಅಂತ ಮೇಜು ಗುದ್ದಿದ್ದೆ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?" ಬಾಗಿಲಲ್ಲಿ ಯಜಮಾನರು ತಲೆ ಚಚ್ಚಿಕೊಂಡರು. "ಅಯ್ಯೋ ತಾಯಿ, ನನ್ನ ಬಾಡಿಗೇನ ಕೈಯಾರೆ ವಾಪಸ್ ಕಳಿಸಿದ್ರಲ್ಲಾ!"

"ಮೊದ್ಲು ಕೂತ್ಕೊಳ್ಳಿ ಸಾರ್. ವಯಸ್ಸೆಷ್ಟು ನಿಮ್ಮದು?" ಅಂದ ಫ್ಯಾನ್ ತಾತ.

"ಐವತ್ತೆರಡು."

"ಛೆ, ಈ ಕಡೆಗೂ ಅಲ್ಲ, ಆ ಕಡೆಗೂ ಅಲ್ಲ. ಬೆಂಚಿನ ತುದೀಲಿ ಕೂತ್ಕೊಳ್ಳಿ."

ಅವರು ಕೂತರು. ಕೂತವರ ಭುಜದಿಂದ ಚೀಲ ಆಗಲೇ ಮಾಯವಾಗಿತ್ತು. ಚೂಟಿ ಅದಕ್ಕೆ ಚೀಟಿ ಕಟ್ಟಿ, ಬಾಯಿ ಕಿತ್ತಿದೆ, ಸೂಜಿ-ದಾರ ಎಂದು ಬರೆದು, ಒಳಗಿದ್ದ ಕಾಗದಗಳನ್ನೆಲ್ಲ ಮೇಜಿಗೆ ಸುರಿದಿದ್ದಳು. ಅವಳು ಸೂಜಿಗೆ ದಾರ ಹಾಕಿ ಕೊಟ್ಟಳು. ತಾತ ಚೀಲದ ಅಂಚನ್ನು ಬೆರಳಲ್ಲಿ ತಡವಿಕೊಂಡು ಹೋದ. "ಎಡಕ್ಕೆ ತಾತ, ಇನ್ನೂ ಸ್ವಲ್ಪ, ಹಾಂ" ಅಂತ ಅವಳು ಹೇಳುತ್ತಿದ್ದಂತೆ ಮಿಶಿನ್ ಟಕಟಕ ಓಡಿತು. ಆ ಕಡೆ ಗಿರಗಿಟ್ಲೆ ಜೋಡಿ ನೆಲದ ಮೇಲೆ ಬಿದ್ದ ಊರುಗೋಲುಗಳ ರಬ್ಬರು ಕಳಚಿಕೊಂಡಿದ್ದನ್ನು ನೋಡಿ ಅವಕ್ಕೂ ಚೀಟಿ ಕಟ್ಟುತ್ತಿತ್ತು. ಅಧಿಕಾರಿಗಳು ಚೀಲ ವಾಪಸ್ ಕೈಗೆ ಬಂದಾಗ ಹೊಲಿಗೆಯನ್ನು ಎಳೆದು ನೋಡಿ, "ಎಂಟು ವರ್ಷದಿಂದ ಹೀಗೇ ಹೊತ್ಕೊಂಡು ತಿರುಗ್ತಿದ್ದೆ" ಅಂದರು.

"ಎಂಬತ್ತರ ವಿಭಾಗದಿಂದ ತೆಗೀಲೇಬೇಕು ಅಮ್ಮ, ಅದರಲ್ಲಿ ಎರಡು ಮಾತಿಲ್ಲ. ಸಾಮಾನ್ಯ ವಿಭಾಗದಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅಷ್ಟು ಬರಲ್ಲ, ಆದ್ರೂ ಉಳಿದಿದೆ. ಹೊಸ ಫಾರಂ ತುಂಬಿ ಕೊಡಿ. ಆದ್ರೆ..." ಮೇಜಿನ ಮೇಲಿಂದ ಒಂದು ಖಾಲಿ ಫಾರಂ ಎತ್ತಿ ಹಿಡಿದು ತಾವೇ ತಲೆ ಕೆರೆದುಕೊಂಡರು. "ಒಂದು ಸಾಲಿಗೆ ಒಂದೇ ವಯಸ್ಸು. ನಿಮ್ಮಂಥೋರನ್ನ ಇದರಲ್ಲಿ ಹೇಗೆ ಹಿಡಿಸೋದು?"

ಫಾರಮ್ಮ ಆ ಕಾಗದವನ್ನು ಮೇಲೆ ಕೆಳಗೆ ನೋಡಿದಳು. ಆಮೇಲೆ ಒಂದು ರಟ್ಟಿನ ಚೀಟಿ ತೆಗೆದು, ಫಾರಂ, ಜಾಗ ಸಾಲದು ಎಂದು ಬರೆದು ಮೂಲೆಗೆ ಕಟ್ಟಿದಳು. "ಚೀಟಿ ಕಟ್ಟಿದ ಮೇಲೆ ಸರಿಮಾಡದೆ ಕೊಡೋ ಹಾಗಿಲ್ಲ. ಸೂಜಿ-ದಾರ, ನಿಮ್ಮ ಕೆಲಸ."

ಚೂಟಿ ಸ್ಕೇಲು ಇಟ್ಟು ವಯಸ್ಸಿನ ಕಾಲಮ್ಮಿನ ಮಧ್ಯೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು. ಎಡಕ್ಕೆ ತಾತಂದು, ಬಲಕ್ಕೆ ಅವಳದು. 78, 10. ಬರೆದು ನೋಡಿ ಅವಳ ತುಟಿ ಚಿಕ್ಕದಾಯಿತು. "ತಾತ, ಈಗ ನಾವು ಎಂಬತ್ತೆಂಟು ಅಲ್ವಾ? ಬೇರೆ ಬೇರೆ ಆಗ್ಬಿಟ್ವಾ?"

"ಗೆರೆ ಎಲ್ಲಿದೆ? ನಂಗೆ ಕಾಣ್ತಿಲ್ಲ. ಸಹಿ ಯಾವ ಕಡೆ ಹಾಕ್ಲಿ ನಾನು?" ತಾತ ಕೈ ಚಾಚಿದ. "ಕೆಂಪು ದಾರ ಹಾಕಿ ಕೊಡು."

ಕಾಗದ ಹರಿಯದ ಹಾಗೆ ಮಿಶಿನ್ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ, ಆ ಪೆನ್ಸಿಲ್ ಗೆರೆಯ ಮೇಲೆ ಮೇಲಿಂದ ಕೆಳಗೆ ಉದ್ದುದ್ದ ಹೊಲಿಗೆ ಹಾಕಿದ. ಚೂಟಿ ಕಾಗದವನ್ನು ನೇರ ಹಿಡಿದಿದ್ದಳು. ಮುಗಿದ ಮೇಲೆ ಅವಳ ಬೆರಳನ್ನು ತೆಗೆದು ದಾರದ ಮೇಲೆ ಇಟ್ಟ. "ಹೊಲಿಗೆ ಹಾಕೋದು ಎರಡು ತುಂಡು ಸೇರಿಸೋಕೆ ಕಣೇ. ಬೇರೆ ಮಾಡೋಕೆ ಕತ್ತರಿ ಇದೆ. ಐವತ್ತು ವರ್ಷ ಇದನ್ನೇ ಮಾಡಿದೀನಿ, ನಂಗೆ ಗೊತ್ತಿಲ್ವಾ?" ಆಮೇಲೆ ಹೊಲಿಗೆಯನ್ನು ತಡವಿ, ಅದರ ಎಡಕ್ಕೆ ಸಹಿ ಹಾಕಿದ. ಅವಳು ಬಲಕ್ಕೆ ಹಾಕಿದಳು. ಉಳಿದ ಹದಿಮೂರು ಜೋಡಿಗಳೂ ಸಾಲಾಗಿ ಬಂದು ಅದೇ ಹೊಲಿಗೆಯ ಆಚೀಚೆ ತಮ್ಮ ವಯಸ್ಸು ಬರೆದವು. ಅಧಿಕಾರಿಗಳು ಆ ಕಾಗದವನ್ನು ಮಡಚಲು ಮನಸ್ಸಾಗದೆ, ಹೊಸದಾಗಿ ಹೊಲಿದ ಚೀಲದೊಳಗೆ ಹಾಗೇ ನೆಟ್ಟಗೆ ಇಟ್ಟುಕೊಂಡು ಹ್ಯಾಪುಮೋರೆಯಲ್ಲೇ ಆಟೋ ಹತ್ತಿದರು. ಊರುಗೋಲುಗಳನ್ನು ಮರೆತರು.

ಯಜಮಾನರು ಅಂದು ತಿಂಗಳ ಕೊನೆಯ ಮಾತು ಎತ್ತಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಇನ್ನೊಂದು ತಿಂಗಳು ನೋಡ್ತೀನಿ. ಇಷ್ಟು ಬೈಗುಳ ಮನಸ್ಸಿನಲ್ಲಿ ಇದೆ, ನೀವು ಜಾಗ ಖಾಲಿ ಮಾಡಿದ್ರೆ ಯಾರಿಗೆ ಬೈಲಿ?" ಅಂದರು.

ಇಪ್ಪತ್ತಾರನೇ ದಿನ ಲಕೋಟೆ ಬಂತು. ದಪ್ಪವೂ ಅಲ್ಲ, ತೆಳುವೂ ಅಲ್ಲ. ಫಾರಮ್ಮನ ಅಷ್ಟು ವರ್ಷದ ಅನುಭವವೂ ಕೈಕೊಟ್ಟಿತು. ಒಡೆದರೆ, ಒಂಬತ್ತು ತಿಂಗಳ ಬಾಡಿಗೆ ಮಂಜೂರಾಗಿತ್ತು. ಸಮಿತಿಯವರು ಕೆಂಪು ದಾರದ ಆ ಕಾಗದವನ್ನು ಮೇಜಿನ ಸುತ್ತ ಒಬ್ಬರಿಂದೊಬ್ಬರಿಗೆ ದಾಟಿಸಿದರಂತೆ, ಎಲ್ಲರೂ ಬೆರಳಲ್ಲಿ ತಡವಿ ನೋಡಿದರಂತೆ ಅಂತ ಅಧಿಕಾರಿಗಳು ಕೊನೆಯಲ್ಲಿ ಕೈಬರಹದಲ್ಲಿ ಬರೆದಿದ್ದರು. ಉಳಿದ ಮೂರು ತಿಂಗಳಿಗೆ ಯಜಮಾನರೇ ದಾರಿ ಹೇಳಿದರು. ಮುದ್ರಣಾಲಯದಲ್ಲಿ ಕಾಲು ಮುರಿದ ಕುರ್ಚಿಗಳು ಅಟ್ಟ ತುಂಬಾ ಇವೆ, ಸರಿಮಾಡಿಕೊಟ್ಟರೆ ಬಾಡಿಗೆ ಚುಕ್ತಾ. ಫ್ಯಾನ್ ತಾತ ಆಗಲೇ ಊರುಗೋಲುಗಳನ್ನು ಅಳತೆ ನೋಡುತ್ತಿದ್ದ, ಕುರ್ಚಿಯ ಕಾಲಿಗೆ ಹೇಳಿ ಮಾಡಿಸಿದ ಹಾಗಿದ್ದವು.

ಲಕೋಟೆಯಲ್ಲಿ ಇನ್ನೊಂದು ಕಾಗದವಿತ್ತು. ಮುಂದಿನ ವರ್ಷಕ್ಕೆ ಟ್ರಸ್ಟು ಅಚ್ಚು ಹಾಕಿಸಿದ ಹೊಸ ಫಾರಂ. ಫಾರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ವಯಸ್ಸಿನ ಕಾಲಂ ಎರಡಾಗಿತ್ತು. ಮಧ್ಯದಲ್ಲಿ ಎಲ್ಲ ಫಾರಮ್ಮುಗಳಲ್ಲಿ ಇರುವಂಥ ಗೆರೆಯಿರಲಿಲ್ಲ. ಉದ್ದುದ್ದ ತುಂಡು ಗೆರೆಗಳ ಸಾಲೊಂದು, ಕೆಂಪು ಮಸಿಯಲ್ಲಿ, ಥೇಟ್ ಹೊಲಿಗೆಯ ಹಾಗೆ ಮೇಲಿಂದ ಕೆಳಗಿಳಿದಿತ್ತು. ಮೂವತ್ತನಾಲ್ಕು ವರ್ಷ ಜನರನ್ನು ಫಾರಂನೊಳಗೆ ಹಿಡಿಸುವುದರಲ್ಲೇ ಕಳೆದಿದ್ದಳು. ಫಾರಂ ಜನರಿಗಾಗಿ ಜರುಗಿ ಜಾಗ ಕೊಟ್ಟಿದ್ದನ್ನು ನೋಡಿದ್ದು ಇದೇ ಮೊದಲು.

"ಅಣ್ಣಾ, ನೋಡಿ ಇಲ್ಲಿ" ಎಂದು ದರ್ಜಿ ತಾತನ ಮುಂದೆ ಇಟ್ಟಳು. ಚೂಟಿ ಅವನ ಬೆರಳು ಹಿಡಿದು ಆ ತುಂಡು ಗೆರೆಗಳ ಮೇಲೆ ಮೇಲಿಂದ ಕೆಳಗೆ ಓಡಿಸಿದಳು. ತಾತ ಇನ್ನೊಂದು ಸಲ ತಾನೇ ತಡವಿ ನೋಡಿದ. ಮೂಗು ಮುರಿದ.

"ಇದೇನು, ಬರೀ ಮಸಿ! ದಾರ ಎಲ್ಲಿ? ಸಹಿ ಎಲ್ಲಿ ಹಾಕ್ಬೇಕು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಹೊಲಿಗೆ ಹಾಕೋಕೆ ಬರದೋರು ಯಾಕೆ ಹಾಕ್ಬೇಕು?" ಎಂದು ಮಿಶಿನ್ ಕಡೆ ತಿರುಗಿ ಕೂತ. "ತಾ, ಸರಿ ಮಾಡಿ ಕೊಡೋಣ."

ಫಾರಮ್ಮ ಹಾಜರಿ ಪುಸ್ತಕ ತೆರೆದಳು. ಆ ವಾರ ಚೂಟಿಗೆ ಹನ್ನೊಂದು ತುಂಬಿತ್ತು. ಸೂಜಿ-ದಾರದ ಮುಂದೆ ಎಂಬತ್ತೆಂಟಕ್ಕೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಎಂಬತ್ತೊಂಬತ್ತು ಎಂದು ಬರೆದು ಸಹಿ ಹಾಕಿದಳು. ಅಷ್ಟರಲ್ಲಿ ಚೂಟಿ ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಹಾಕುತ್ತಿದ್ದಳು.